ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು

ಯಾರಾದರೂ ದೆವ್ವ, ಮೋಹಿನಿ ಅಂತ ಮಾತು ತೆಗೆದರೆ ಎದ್ದು ಹೋಗುವ ಜಾತಿ ನನ್ನದು. ಓದಿದ್ದು ಏಳನೇ ಕ್ಲಾಸು. ಕಡಿಮೆ ಓದಿದವರು ಇಂಥವನ್ನು ಬೇಗ ನಂಬುತ್ತಾರೆ ಅಂತ ತಿಳಿದವರು ಹೇಳುವುದನ್ನು ಕೇಳಿದ್ದೇನೆ. ನಾನು ಇಪ್ಪತ್ತು ವರ್ಷದಿಂದ ಸಕಲೇಶಪುರದ ಸುತ್ತಮುತ್ತಲ ಎಸ್ಟೇಟುಗಳಿಂದ ಪಿಕಪ್ಪಿನಲ್ಲಿ ಕಾಫಿ ಮೂಟೆ ಸಾಗಿಸುತ್ತಿದ್ದೇನೆ. ಜನ ಹೆದರುವ ತಿರುವುಗಳಲ್ಲೇ ಗಾಡಿ ನಿಲ್ಲಿಸಿ ಬೀಡಿ ಹಚ್ಚಿದ್ದೇನೆ. ಒಂದು ದಿನವೂ ಏನೂ ಕಂಡಿಲ್ಲ. ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ, ಅವನ ಮುಖಕ್ಕೇ ನಕ್ಕುಬಿಡುತ್ತಿದ್ದೆ.

ಇದರಲ್ಲಿ ನನ್ನ ತಪ್ಪೂ ಸೇರಿಕೊಂಡಿದೆ. ಅದನ್ನು ಬಿಟ್ಟು ಮಿಕ್ಕಿದ್ದನ್ನು ಮಾತ್ರ ಹೇಳಲು ಬರುವುದಿಲ್ಲ.

ನನ್ನ ತಮ್ಮ ಮಹೇಶ ಮಿಲಿಟರಿಯಲ್ಲಿ ಹವಾಲ್ದಾರನಾಗಿದ್ದ. ಹದಿನಾಲ್ಕು ವರ್ಷ ಹಿಮ, ಮರಳು ಎಲ್ಲ ನೋಡಿ ಆದ ಮೇಲೆ ಅವನಿಗೆ ನಮ್ಮ ಜಿಲ್ಲೆಗೇ ವರ್ಗವಾಯಿತು. ಆಲೂರು ತಾಲ್ಲೂಕಿನ ಕೆ. ಹೊಸಕೋಟೆ ಕಡೆಯ ಗುಡ್ಡದ ಮೇಲೆ ಹೊಸದಾಗಿ ಕ್ಯಾಂಪು ಆಗುತ್ತಿತ್ತು. ಸಿಪಾಯಿಗಳಿಗೆ ಶೆಡ್ಡು ಎದ್ದಿದ್ದವೇ ಹೊರತು ಸಂಸಾರಸ್ಥರಿಗೆ ಕ್ವಾರ್ಟರ್ಸ್ ಇನ್ನೂ ಪಾಯದಲ್ಲೇ ಇತ್ತು. ಹೆಂಡತಿ ಸವಿತಾಳನ್ನೂ ನಾಲ್ಕು ವರ್ಷದ ಮಗಳನ್ನೂ ಎಲ್ಲಿ ಇಡುವುದು ಅಂತ ಅವನು ಅಲ್ಲಿಂದಲೇ ಫೋನ್ ಮಾಡಿ ಕೇಳಿದ. ಮನೆ ಹುಡುಕುವ ಕೆಲಸ ನನ್ನ ತಲೆಗೆ ಬಂತು.

ಮೂರು ಮನೆ ಸಿಕ್ಕವು. ಆಲೂರು ಪೇಟೆಯಲ್ಲಿ ಒಂದು, ಇಕ್ಕಟ್ಟು, ಕ್ಯಾಂಪಿನಿಂದ ದೂರ. ಕೆ. ಹೊಸಕೋಟೆಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಒಂದು, ಕೆಳಗೆ ವೆಲ್ಡಿಂಗ್ ಅಂಗಡಿ, ಇಡೀ ದಿನ ಕರಕರ ಸದ್ದು. ಮೂರನೆಯದು ಕ್ಯಾಂಪಿಗೆ ಕಾಲು ಗಂಟೆಯ ದಾರಿಯಲ್ಲಿ, ಒಂದು ಎಸ್ಟೇಟಿನ ಅಂಚಿಗೆ ಇದ್ದ ಹಳೇ ರೈಟರ್ ಮನೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಅಂತ ಕಟ್ಟಿಸಿದ್ದು, ಎರಡು ವರ್ಷದಿಂದ ಖಾಲಿ. ಎಸ್ಟೇಟ್ ಆಫೀಸಿನವರು ಹೇಳಿದ ಪ್ರಕಾರ ದೊಡ್ಡ ಜಗಲಿ, ಮೂರು ಕೋಣೆ, ಎದುರಿಗೆ ರಸ್ತೆಯಾಚೆ ಒಂದೇ ಒಂದು ಮನೆ. ಮಹೇಶನಿಗೆ ಅದೇ ಬೇಕು. "ಹದಿನಾಲ್ಕು ವರ್ಷ ಫೋನಲ್ಲೇ ಸಂಸಾರ ಮಾಡಿದ್ದೀನಿ ಕಣಣ್ಣ. ದಿನಾ ಸಂಜೆ ಮನೇಲಿ ಉಣ್ಬೇಕು ನಾನು" ಅಂದ.

ಸವಿತಾಳಿಗೆ ಆನೆಯ ಭಯ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆನೆ ಎಲ್ಲಿದೆ ಅಂತ ಮೊಬೈಲಿಗೆ ಮೆಸೇಜ್ ಬರುವ ಊರುಗಳು ಇವು. ಕಾಡಂಚಿನ ಮನೆ ಹಿಡಿಯುವ ಮುಂಚೆ ಮನೆಯ ಗಂಡಸೊಬ್ಬ ಹೋಗಿ ಒಂದು ರಾತ್ರಿ ಅಲ್ಲಿ ಮಲಗಿ ನೋಡುವುದು ನಮ್ಮಲ್ಲಿ ಉಂಟು. ಯಾವ ಕಡೆಯಿಂದ ಬರುತ್ತವೆ, ಎಲ್ಲಿ ದಾಟುತ್ತವೆ, ಗೋಡೆ ತಡೆಯುತ್ತದೆಯೇ ಅಂತ. ಸವಿತಾ ಗಂಡನ ಮಾತಿಗೆ ಒಪ್ಪಲಿಲ್ಲ. "ಭಾವ ಒಂದು ರಾತ್ರಿ ಇದ್ದು ನೋಡಿ ಸರಿ ಅಂದ್ರೆ ಬರ್ತೀನಿ, ಇಲ್ದಿದ್ರೆ ಇಲ್ಲ" ಅಂದಳು. ಅವಳಿಗೆ ನನ್ನ ಮೇಲೆ ಅಷ್ಟು ನಂಬಿಕೆ.

ನಾನು ಯಾರಿಗೂ ಹೇಳದ ಒಂದು ವಿಷಯವಿತ್ತು. ಅದಕ್ಕೆ ಮೂರು ವರ್ಷ ಮುಂಚೆ ಹೆತ್ತೂರು ರಸ್ತೆಯಲ್ಲಿ ಒಂಟಿ ಸಲಗವೊಂದು ನನ್ನ ಗಾಡಿಯ ಬಾನೆಟ್ ಮೇಲೆ ಸೊಂಡಿಲಿಟ್ಟು ನಿಂತಿತ್ತು. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಅದು ಏನೂ ಮಾಡದೆ ಹೋಯಿತು. ಅವತ್ತಿನಿಂದ ಕತ್ತಲಾದ ಮೇಲೆ ನಾನು ಎಸ್ಟೇಟ್ ರಸ್ತೆಗಳಿಗೆ ಗಾಡಿ ಹಾಕುವುದಿಲ್ಲ. ಬ್ರೇಕ್ ಸರಿ ಇಲ್ಲ, ಲೈಟ್ ಸರಿ ಇಲ್ಲ ಅಂತ ನೆಪ ಹೇಳಿಕೊಂಡು ಬಂದಿದ್ದೆ. ಗಡಿಯಲ್ಲಿ ನಿಂತು ಬಂದ ತಮ್ಮನಿಗೆ, ನನಗೆ ಆನೆ ಅಂದರೆ ಕೈಕಾಲು ನಡುಗುತ್ತದೆ ಅಂತ ಹೇಗೆ ಹೇಳಲಿ? ಆಯ್ತು, ಹೋಗ್ತೀನಿ ಅಂದೆ.

ಎಸ್ಟೇಟ್ ಆಫೀಸಿನಿಂದ ಬೀಗದ ಕೈ ಇಸಿದುಕೊಂಡು ಸಂಜೆ ನಾಲ್ಕೂವರೆಗೆ ಹೊರಟೆ. ರೈಟರ್ ಮನೆಗೆ ತಿರುಗುವ ದಾರಿಯಲ್ಲಿ, ಮನೆ ಇನ್ನೂ ಕಾಣದ ಜಾಗದಲ್ಲಿ, ರಸ್ತೆ ನಡುವೆ ಆನೆ ಲದ್ದಿ ಬಿದ್ದಿತ್ತು. ಇಳಿದು ನೋಡಿದೆ. ಹಸಿ, ಇನ್ನೂ ಹಬೆ ಆಡುತ್ತಿತ್ತು. ಪಕ್ಕದ ಬಾಳೆ ಗಿಡ ಸಿಗಿದು ಹಾಕಿದ್ದವು. ನಾನು ಮತ್ತೆ ಗಾಡಿ ಹತ್ತಿ ರಿವರ್ಸಿನಲ್ಲೇ ಟಾರು ರಸ್ತೆವರೆಗೆ ಬಂದೆ. ಆಲೂರಿಗೆ ಹೋಗಿ ಗೆಳೆಯನೊಬ್ಬನ ಮನೆಯಲ್ಲಿ ಉಂಡು ಮಲಗಿದೆ. ಬೆಳಿಗ್ಗೆ ಅಲ್ಲಿಂದಲೇ ತಮ್ಮನಿಗೆ ಫೋನ್ ಮಾಡಿದೆ. "ಇಡೀ ರಾತ್ರಿ ಜಗಲಿ ಮೇಲೇ ಇದ್ದೆ. ಏನೂ ಬರಲಿಲ್ಲ. ಧೈರ್ಯವಾಗಿ ಬನ್ನಿ" ಅಂದೆ. ಆ ಮಾತು ಆಡುವಾಗ ಬೀಗದ ಕೈ ನನ್ನ ಪ್ಯಾಂಟಿನ ಜೇಬಿನಲ್ಲಿ ತೊಡೆಗೆ ಒತ್ತುತ್ತಿತ್ತು.

ಹದಿನೈದು ದಿನಕ್ಕೆ ಸಾಮಾನು ತುಂಬಿಕೊಂಡು ಅವರನ್ನು ನಾನೇ ಕರೆದುಕೊಂಡು ಹೋದೆ. ಆ ಮನೆಯನ್ನು ನಾನು ನೋಡಿದ್ದೇ ಅವತ್ತು ಮೊದಲು. ಹಗಲು ಹನ್ನೊಂದು ಗಂಟೆ. ಮೂಟೆ ಇಳಿಸುತ್ತಿದ್ದಾಗ ಎದುರು ಮನೆಯಿಂದ ವಯಸ್ಸಾದ ಹೆಂಗಸೊಬ್ಬರು ತಟ್ಟೆಯಲ್ಲಿ ಕಾಫಿ ಲೋಟ ಇಟ್ಟುಕೊಂಡು ಬಂದರು. ಗೌರಮ್ಮ ಅಂತ, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಮಹೇಶನಿಗೂ ಸವಿತಾಳಿಗೂ ಕೊಟ್ಟು, ಪಕ್ಕಕ್ಕಿಟ್ಟಿದ್ದ ಒಂದು ಲೋಟ ನನ್ನ ಕೈಗೆ ಕೊಟ್ಟರು. "ನಿಂಗೆ ಸಕ್ರೆ ಹಾಕಿಲ್ಲ ಕಣಪ್ಪ."

ನನಗೆ ಸಕ್ಕರೆ ಕಾಯಿಲೆ ಇರುವುದು ನಿಜ. ಸವಿತಾ ಹೇಳಿರಬೇಕು ಅಂದುಕೊಂಡು ಕುಡಿದೆ. ಆದರೆ ಸವಿತಾ ಇಳಿದಿದ್ದೇ ಆಗ. ಅವಳು ಅವರ ಮುಖವನ್ನೇ ಮೊದಲ ಸಲ ನೋಡುತ್ತಿದ್ದಳು.

ಅಷ್ಟರಲ್ಲಿ ಮಹೇಶ ಮಗುವಿನ ಮಂಚವನ್ನು ಹಿಂದಿನ ಕೋಣೆಗೆ ಹೊರಿಸುತ್ತಿದ್ದ. ಗೌರಮ್ಮ ಕೈ ಅಡ್ಡ ಇಟ್ಟರು. "ಅಯ್ಯ, ಅಲ್ಯಾಕೆ? ಅದು ಮಣ್ಣಿನ ಗೋಡೆ. ಅಲ್ಲಿ ಮಗೀನ ಮಲಗಿಸ್ಬ್ಯಾಡ್ರಿ, ಅಕ್ಕಿ ಮೂಟೆನೂ ಇಡ್ಬ್ಯಾಡ್ರಿ ಅಂತ ನಿಮ್ಮಣ್ಣನೇ ಹೇಳ್ಬುಟ್ಟು ಹೋಗೈತಲ್ಲ ಅವತ್ತು? ನಿಮಗೆ ಹೇಳಿಲ್ವಾ?"

ಸವಿತಾ ನನ್ನ ಕಡೆ ನೋಡಿದಳು. ಮಹೇಶನೂ ನೋಡಿದ. ನಾನು ಏನು ಹೇಳಬೇಕಿತ್ತು? ನಾನು ಬಂದೇ ಇರಲಿಲ್ಲ ಅಂತ ಹೇಳಲು ಅದೇ ಸಮಯ. ನಾನು "ಹೂಂ, ಮರೆತಿದ್ದೆ" ಅಂದೆ. ಮಂಚ ಮುಂದಿನ ಕೋಣೆಗೆ ಬಂತು.

ಮಧ್ಯಾಹ್ನ ಅವರೆಲ್ಲ ಊಟಕ್ಕೆ ಕೂತಾಗ ನಾನು ಗೌರಮ್ಮನ ಮನೆಗೆ ಹೋದೆ. ಅವತ್ತು ರಾತ್ರಿ ಬಂದಿದ್ದು ನಾನೇ ಅಂತ ನಿಮಗೆ ಖಾತ್ರಿಯಾ ಅಂತ ಕೇಳಿದೆ. ಅವರು ಬಿದ್ದು ಬಿದ್ದು ನಕ್ಕರು. "ಏನ್ ಮಾರಾಯ, ಏರಿಸ್ಕಂಡು ಬಂದಿದ್ಯಾ ಅವತ್ತು? ವಾಸ್ನೆ ಏನೂ ಇರ್ಲಿಲ್ವಲ್ಲ!" ಆಮೇಲೆ ಒಂದೊಂದಾಗಿ ಹೇಳಿದರು. ಕತ್ತಲಾಗುವ ಹೊತ್ತಿಗೆ ನಡೆದುಕೊಂಡೇ ಬಂದೆನಂತೆ. ಮಾತಾಡುವ ಮುಂಚೆ ಎರಡು ಸಲ ಕೆಮ್ಮಿದೆನಂತೆ. ಅದು ನನ್ನ ಅಭ್ಯಾಸವೇ. ಕಾಫಿ ಕೊಟ್ಟರೆ ಸಕ್ಕರೆ ಬೇಡ ಅಂದೆನಂತೆ. ಒಳಗೆ ಮಲಗಬಾರದೇ ಅಂತ ಅವರು ಕೇಳಿದ್ದಕ್ಕೆ, ಬೀಗದ ಕೈ ಬಿಟ್ಟು ಬಂದಿದ್ದೀನಿ ಅಂದೆನಂತೆ.

ಬೀಗದ ಕೈ ಆ ಹೊತ್ತಿಗೆ ಆಲೂರಿನಲ್ಲಿ, ನನ್ನ ಜೇಬಿನಲ್ಲಿ ಇತ್ತು. ಅದು ಅಲ್ಲಿಗೆ ಬಂದವನ ಹತ್ತಿರ ಇರಲು ಸಾಧ್ಯವೇ ಇರಲಿಲ್ಲ.

"ಬೆಳಗಾಗೋ ಮುಂಚೆ ಎರಡು ಬಂದ್ವು. ಹಿಂದಿನ ಗೋಡೆಗೆ ಮೈ ಉಜ್ಜಿದ್ವು. ನಾನು ಕಿಟಕೀಲಿ ನೋಡ್ತಿದ್ದೆ, ಜೀವ ಕೈಯಲ್ಲಿ ಇಟ್ಕಂಡು. ನೀನು ಜಗಲಿ ಮ್ಯಾಲೆ ಅಲ್ಲಾಡ್ಲಿಲ್ಲ. ಅವು ಹೋದ ಮ್ಯಾಲೆ ನಿಧಾನಕ್ಕೆ ಎದ್ದು ಹಿಂದಕ್ಕೆ ಹೋಗಿ ಗೋಡೆ ಮುಟ್ಟಿ ನೋಡ್ದೆ" ಅಂದರು. ಆಮೇಲೆ ನನ್ನನ್ನು ದಿಟ್ಟಿಸಿ ನೋಡಿ, "ಎಂಥ ಧೈರ್ಯ ಇತ್ತಪ್ಪ ಅವತ್ತು ನಿಂಗೆ. ಈಗ್ಯಾಕೆ ಹಿಂಗೆ ಬೆವೆತಿದ್ದೀಯ?" ಅಂದರು.

ಆನೆ ಬಂದ ವಿಷಯವನ್ನು ಸವಿತಾಳಿಗೆ ಹೇಳಬೇಡಿ ಅಂತ ನಾನು ಗೌರಮ್ಮನನ್ನು ಬೇಡಿಕೊಂಡೆ. ನನ್ನ ಸುಳ್ಳು ಹೊರಬೀಳಬಾರದು ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. ಪಾಪ, ಹುಡುಗಿ ಹೆದರಿಕೊಳ್ಳುತ್ತಾಳೆ ಅಂತ ಅವರು ತಿಳಿದುಕೊಂಡು ಒಪ್ಪಿದರು.

ಮೂರನೇ ತಿಂಗಳು, ಬೆಳಗಿನ ಐದೂವರೆ ಸುಮಾರಿಗೆ, ಮಹೇಶ ಕ್ಯಾಂಪಿನಲ್ಲಿದ್ದಾಗ, ಆನೆಯೊಂದು ಹಿಂದಿನ ಕೋಣೆಯ ಗೋಡೆಯನ್ನು ಪೂರ್ತಿ ಒಳಕ್ಕೆ ಕೆಡವಿತು. ಎದುರು ಮನೆಯಿಂದ ಗೌರಮ್ಮ ತಗಡು ಬಡಿದರು. ಸವಿತಾ ಮಗುವನ್ನು ಎತ್ತಿಕೊಂಡು ಮುಂಬಾಗಿಲಿನಿಂದ ಓಡಿದಳು. ಯಾರಿಗೂ ಗೀರು ಕೂಡ ಆಗಲಿಲ್ಲ. ನಾನು ಹೋಗಿ ನೋಡಿದಾಗ, ಮಂಚ ಹಾಕಬೇಕೆಂದಿದ್ದ ಜಾಗದಲ್ಲಿ ಎದೆಮಟ್ಟ ಮಣ್ಣು ಬಿದ್ದಿತ್ತು.

ಆ ಭಾನುವಾರ ಮಹೇಶ ಸಕಲೇಶಪುರದ ನಮ್ಮ ಮನೆಗೆ ಬಂದು ಬಗ್ಗಿ ನನ್ನ ಕಾಲು ಮುಟ್ಟಿದ. ಮದುವೆಯಲ್ಲಿ ಬಿಟ್ಟರೆ ಅವನು ಎಂದೂ ಮುಟ್ಟಿದವನಲ್ಲ. "ನೀನು ಅವತ್ತು ಅಷ್ಟು ನೋಡಿ ಹೇಳದಿದ್ರೆ ನನಗೆ ಮಗಳು ಇರ್ತಿರಲಿಲ್ಲ ಕಣಣ್ಣ" ಅಂದ. ನಾನು ಅವನ ಭುಜ ಹಿಡಿದು ಎತ್ತಿದೆ. ಅವರು ಆ ವಾರವೇ ಕೆ. ಹೊಸಕೋಟೆಯ ವೆಲ್ಡಿಂಗ್ ಅಂಗಡಿಯ ಮೇಲಿನ ಮನೆಗೆ ಬಂದರು. ಇಡೀ ದಿನದ ಸದ್ದು ಸವಿತಾಳಿಗೆ ಈಗ ಜೋಗುಳವಾಯಿತು ಅಂತ ಮಹೇಶ ತಮಾಷೆ ಮಾಡುತ್ತಿದ್ದ.

ನಾನು ಎಷ್ಟೋ ಯೋಚಿಸಿದ್ದೇನೆ. ನನ್ನ ಹಾಗೇ ಇದ್ದ ಯಾರೋ ಎಸ್ಟೇಟ್ ಕೆಲಸದವನು ಬಂದಿರಬಹುದೇ? ಎಸ್ಟೇಟಿನಲ್ಲಿ ಒಬ್ಬೊಬ್ಬರನ್ನೇ ವಿಚಾರಿಸಿದೆ, ಯಾರೂ ಇಲ್ಲ. ಗೌರಮ್ಮನ ಕಣ್ಣು ಮಂಜೇ? ಸೂಜಿಗೆ ದಾರ ಪೋಣಿಸುತ್ತಿದ್ದರು. ಆಲೂರಿನ ಗೆಳೆಯನನ್ನೂ ಕೇಳಿದೆ. "ನೀನು ನಮ್ಮ ಹಾಲಲ್ಲಿ ಗೊರಕೆ ಹೊಡೆದು ಯಾರನ್ನೂ ಮಲಗಿಸ್ಲಿಲ್ಲ" ಅಂತ ಬೈದ. ಇಬ್ಬರ ಮಾತೂ ನಿಜ ಅನ್ನಿಸುತ್ತದೆ. ಎರಡೂ ನಿಜವಾಗುವುದು ಹೇಗೆ ಅಂತ ನನಗೆ ತಿಳಿದಿಲ್ಲ. ಗೌರಮ್ಮ ಈಗಿಲ್ಲ, ಇನ್ನು ಕೇಳಲೂ ಆಗುವುದಿಲ್ಲ.

ಹೋದ ವರ್ಷ ಮಹೇಶ ರಿಟೈರ್ ಆಗಿ ಬಂದ. ಹೊಂಗಡಹಳ್ಳದ ಹತ್ತಿರ ಮನೆ ಕಟ್ಟಲು ಒಂದು ಜಾಗ ನೋಡಿದ್ದ. ಅಲ್ಲೊಂದು ಹಳೇ ಶೆಡ್ಡಿದೆ. ಹಬ್ಬಕ್ಕೆ ನಮ್ಮ ಮನೆಗೆ ಬಂದಾಗ ಎಲ್ಲರ ಎದುರಿಗೆ, "ಅಣ್ಣ ಒಂದು ರಾತ್ರಿ ಮಲಗಿ ನೋಡ್ಲಿ, ಆಮೇಲೆ ಅಡ್ವಾನ್ಸ್" ಅಂದ. ನಾನು ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟೆ. ಇನ್ನು ತಡೆಯಲು ಆಗಲಿಲ್ಲ. ಎಲ್ಲ ಹೇಳಿಬಿಟ್ಟೆ. ನಾನು ಅವತ್ತು ಹೋಗಲೇ ಇಲ್ಲ, ದಾರಿಯಲ್ಲಿ ಲದ್ದಿ ಕಂಡು ಓಡಿಹೋದೆ, ಏನೂ ಬರಲಿಲ್ಲ ಅಂದಿದ್ದು ಸುಳ್ಳು ಅಂತ.

ಮಹೇಶ ನಕ್ಕ. "ಗೌರಮ್ಮ ಕಣ್ಣಾರೆ ನೋಡಿದ್ದಾರೆ. ನೀನು ಮೊದ್ಲಿಂದ ಹಿಂಗೇ ಕಣಣ್ಣ, ಮಾಡಿದ್ದನ್ನ ನಂದು ಅಂತ ಒಂದಿನ ಹೇಳ್ಕೊಂಡವನಲ್ಲ." ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಇವತ್ತಿಗೂ ನಂಬಿಲ್ಲ.

ಸವಿತಾ ನಗಲಿಲ್ಲ. ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಬಿಟ್ಟು ಕೇಳಿದಳು. "ಲದ್ದಿ ಹಸಿ ಇತ್ತಾ ಭಾವ, ಒಣಗಿತ್ತಾ?"

"ಹಸಿ" ಅಂದೆ.

ಜಗಲಿಯ ಮೇಲೆ ಕೂತವನು ಯಾರು ಅನ್ನುವುದು ಅವಳಿಗೆ ಬೇಕಾಗಿರಲಿಲ್ಲ. ಎಲ್ಲರಿಗೂ ಬಡಿಸಿ, ನನಗೂ ಬಡಿಸಿದಳು.

ಆ ಶೆಡ್ಡಿಗೆ ನಾನು ಹೋಗಲಿಲ್ಲ. ಒಂದು ವಾರದ ನಂತರ ಬೆಳಿಗ್ಗೆ ಏಳಕ್ಕೆ ಸವಿತಾಳ ಫೋನ್ ಬಂತು. ಅವಳು ನನಗೆ ಫೋನ್ ಮಾಡುವುದೇ ಅಪರೂಪ. ಹಿಂದೆ ಮಹೇಶ ಯಾರ ಜೊತೆಗೋ ಜೋರಾಗಿ ಮಾತಾಡುತ್ತಿದ್ದುದು ಕೇಳುತ್ತಿತ್ತು.

"ಏನೂ ಬರಲಿಲ್ಲ ಭಾವ" ಅಂದಳು. "ಇಡೀ ರಾತ್ರಿ ಶೆಡ್ಡಲ್ಲಿ ನಾವೇ ಇದ್ವಿ."