ಟವೆಲ್ಲಿನ ಸೀಟಿಗೆ ಬಂದ ಅತಿಥಿ

ರಾಯಚೂರು ನಿಲ್ದಾಣದಲ್ಲಿ ದೇವದುರ್ಗದ ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯೊಳಗೆ ಒಂದು ಟವೆಲ್ಲು, ಅದರ ಹಿಂದೆಯೇ ಒಂದು ಚೀಲ ತೂರಿ ಬಂದು ಇಬ್ಬರು ಕೂರುವ ಒಂದೇ ಸೀಟಿನ ಮೇಲೆ ಬಿದ್ದವು. ಎಸೆದ ಹೆಂಗಸರಿಬ್ಬರಿಗೂ ಎರಡೂ ಜಾಗ ಬೇಕಿತ್ತು.

"ಟವೆಲ್ ಮೊದಲ ಬಿದ್ದದ. ನನ್ನ ಮಗಳು ಹಸಿ ಬಾಣಂತಿ ಅದಾಳ."

"ನಮ್ಮ ಅತ್ತಿ ಮೊಣಕಾಲು ನೋಯೋದು ನಿಮ್ಮ ಟವೆಲ್ಲಿಗೆ ಹೆಂಗ ತಿಳೀಬೇಕ್ರೀ?"

ನನ್ನ ಜೊತೆಗಿದ್ದ ಮೇರಿ ದಕ್ಷಿಣ ಸುಡಾನಿನವರು. ಅಲ್ಲಿ ಕಾದಾಡಿದ ಊರುಗಳ ಹೆಂಗಸರನ್ನು ಒಂದೆಡೆ ಕೂರಿಸಿ ರಾಜಿ ಮಾಡಿಸುವುದು ಅವರ ಕೆಲಸ. ನಮ್ಮ ಮಹಿಳಾ ಸಂಘಗಳನ್ನು ನೋಡಿ ಬರಲೆಂದು ವಿದೇಶಿ ನೆರವಿನ ಸಂಸ್ಥೆಯೊಂದು ಕಳುಹಿಸಿತ್ತು. ಕಾನ್ವೆಂಟಿನ ಇಂಗ್ಲಿಷ್ ಬರುತ್ತದೆಂದು ನಾನು ದುಭಾಷಿ. ಮೇರಿ ನೇರ ಹೋಗಿ, ಟವೆಲ್ಲನ್ನು ಅಚ್ಚುಕಟ್ಟಾಗಿ ಮಡಿಸಿ ಚೀಲದೊಂದಿಗೆ ಮಡಿಲಲ್ಲಿಟ್ಟುಕೊಂಡು, ಸೀಟಿನ ನಟ್ಟನಡುವೆ ಕೂತುಬಿಟ್ಟರು.

ಜಗಳ ಗಕ್ಕನೆ ನಿಂತಿತು.

"ಈಕಿ ಯಾರ್ರೀ ಅಕ್ಕಾ, ನಮ್ಮ ಸೀಟಿನಾಗ ಬಂದು ಕುಂತಾಳ?" ಎಂದು ಚೀಲದವರು ಟವೆಲ್ಲಿನವರನ್ನೇ ಕೇಳಿದರು.

"ನೋಡ್ರಿ ತಂಗಿ, ಬಾಣಂತಿ, ಮುದುಕಿ ಅಂತ ಸುದ್ದಾ ನೋಡಂಗಿಲ್ಲ," ಎಂದರು ಟವೆಲ್ಲಿನವರು.

ಏನೆನ್ನುತ್ತಿದ್ದಾರೆಂದು ಮೇರಿ ಕೇಳಿದರು. "ನಿಮ್ಮನ್ನು ಬೈಯುತ್ತಿದ್ದಾರೆ," ಎಂದೆ, ಸಂಕೋಚದಿಂದ.

"ಇಬ್ಬರೂ ಸೇರಿಯೇ?"

ಹೌದೆಂದೆ. ಮೇರಿ ನಗುತ್ತಾ ಎದ್ದು ಬಾಣಂತಿಯನ್ನೂ ಮೊಣಕಾಲಿನ ಅಜ್ಜಿಯನ್ನೂ ಪಕ್ಕಪಕ್ಕ ಕೂರಿಸಿದರು. ಉಳಿದಿಬ್ಬರು ಒಂದೇ ಕಂಬಿ ಹಿಡಿದು ನಿಂತು, ಗಬ್ಬೂರು ಬರುವವರೆಗೂ ಒಮ್ಮನಸ್ಸಿನಿಂದ ಮೇರಿಯನ್ನು ಬೈದರು.

ಈಗ ನಮ್ಮ ಮನೆಯಲ್ಲಿ ಅತ್ತೆಗೂ ಮಗಳಿಗೂ ಟಿವಿ ರಿಮೋಟಿಗಾಗಿ ಜಗಳ ಬಿದ್ದರೆ, ನಾನು ಅದನ್ನು ಮಡಿಲಲ್ಲಿಟ್ಟುಕೊಂಡು ಇಬ್ಬರ ನಡುವೆ ಕೂರುತ್ತೇನೆ. ಬೈಗುಳ ಎರಡೂ ಕಡೆಯಿಂದ ಒಟ್ಟಿಗೇ ಬರುವವರೆಗೆ ಏಳುವುದಿಲ್ಲ.