ಕಿಟಕಿ ಕಪಾಟಿನ ಮೂರನೇ ಸಾಲು

ದಾಸನಕೊಪ್ಪದ ಚಹಾದಂಗಡಿಯ ಒಲೆ ಇನ್ನೂ ಹೊಗೆಯಾಡುತ್ತಿದೆ. ಮೊದಲ ಬಸ್ಸಿನಿಂದ ಪತ್ರಿಕೆಯ ಕಟ್ಟು ದೊಪ್ಪನೆ ಬೀಳುತ್ತದೆ. ಅದನ್ನು ಕಂಕುಳಲ್ಲಿ ಇರುಕಿಕೊಂಡು ರಜಿಯಾ ಗ್ರಂಥಾಲಯದ ಬಾಗಿಲು ತೆಗೆಯುತ್ತಾರೆ. ಸರ್ಕಾರಿ ಹೊತ್ತು ಇನ್ನೂ ದೂರವಿದೆ. ಆದರೆ ಕೂಲಿಯವರಿಗೆ ಪೇಪರು ಬೇಕಾಗುವುದು ಕೆಲಸಕ್ಕೆ ಹೊರಡುವ ಮೊದಲು. "ಹತ್ತಕ್ಕ ತಗದ್ರ ಯಾರು ಬರ್ತಾರ್ರೀ? ನಾನು, ಕುರ್ಚಿ ಇಬ್ರ," ಎನ್ನುತ್ತಾ ಕಸಬರಿಗೆ ಕೈಗೆತ್ತಿಕೊಳ್ಳುತ್ತಾರೆ.

ರಜಿಯಾ ಇಲ್ಲಿಯ ಮೇಲ್ವಿಚಾರಕಿ. ಗಂಡ ಗನಿ ಶಿರಸಿ ಪೇಟೆಗೆ ಸರಕಿನ ಟೆಂಪೋ ಓಡಿಸುತ್ತಾರೆ. ದಿನಕ್ಕೆ ನಲವತ್ತು–ಐವತ್ತು ಮಂದಿ ಬಂದು ಹೋಗುವ ಈ ಒಂದೇ ಕೋಣೆಯಲ್ಲಿ ಗುಡಿಸುವವರೂ ಅವರೇ, ಹರಿದ ಪುಸ್ತಕ ಹೊಲಿಯುವವರೂ ಅವರೇ. ಮಾಡು ಸೋರಿದರೆ ಕಪಾಟಿಗೆ ಟೆಂಪೋದ ತಾಡಪತ್ರಿ ಹೊದಿಸುವವರೂ ಅವರೇ.

ಸಣ್ಣವರಿದ್ದಾಗ ಇದೇ ಕೋಣೆಯ ಮೂಲೆಯಲ್ಲಿ ಕೂತು ಓದಿನ ರುಚಿ ಹತ್ತಿಸಿಕೊಂಡವರು ರಜಿಯಾ. ಆಗ ಇಲ್ಲಿ ಮೇಲ್ವಿಚಾರಕರಾಗಿದ್ದವರು ಚನ್ನಯ್ಯ. ಈಗಿಲ್ಲದ ಅವರ ಹೆಸರೆತ್ತಿದರೆ ಸಾಕು, ರಜಿಯಾರ ದನಿ ಮೆತ್ತಗಾಗುತ್ತದೆ. "ಚನ್ನಯ್ಯಜ್ಜ ಹೊಲದ ಪುಸ್ತಕ ಬಾಗಲ ಬಾಜೂಕ ಇಟ್ಟಿದ್ರು. ಕೆಸರಗಾಲಾಗ ಬಂದವ್ರು ನಿಂತಲ್ಲೇ ತಗೊಳ್ಳಿ ಅಂತ. ಕತಿ ಪುಸ್ತಕ ಕಿಟಕಿ ಕಪಾಟಿನ್ಯಾಗ. ನಳದ ಪಾಳಿ ಕಾಯೋ ಹೆಂಗಸ್ರಿಗೆ ಅಲ್ಲಿಂದ ತಮ್ಮ ಕೊಡ ಕಾಣ್ತದಲ್ರೀ! ಬಿತ್ತಿಗಿ ಮುಗಿಯೂತನಾ ಯಾರ ಕಡೆನೂ ಪುಸ್ತಕ ವಾಪಸ್ ಕೇಳ್ತಿರ್ಲಿಲ್ಲ." ಬಿತ್ತನೆಯ ಆ ನಿಯಮ ಇಂದಿಗೂ ನಡೆದಿದೆ.

ಹೋದ ವರ್ಷ ತರಬೇತಿ ಮುಗಿಸಿ ಬಂದ ರಜಿಯಾರಿಗೆ ಎಲ್ಲಿಲ್ಲದ ಹುರುಪು. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ಪುಸ್ತಕಗಳನ್ನೆಲ್ಲ ಕೆಳಗಿಳಿಸಿ, ಬೆನ್ನಿಗೆ ನಂಬರು ಅಂಟಿಸಿ, ನಂಬರಿನ ಪ್ರಕಾರವೇ ಜೋಡಿಸಿದರು. ಕಿಟಕಿ ಕಪಾಟಿನಲ್ಲಿ ಸಿಕ್ಕ ಸೀರೆಯಂಚಿನ ಚಿಂದಿಯೊಂದನ್ನು ಕಸದ ಜೊತೆ ಗುಡಿಸಿ ಹಾಕಿದರು.

ಅದು ಮುರಿಗೆವ್ವನ ಚಿಂದಿ. ಅಕ್ಷರ ಬಾರದ ಈ ಅಜ್ಜಿ ಚನ್ನಯ್ಯನವರ ಕಾಲದಿಂದ ಆ ಕಪಾಟಿನ ಪುಸ್ತಕಗಳನ್ನು ಸಾಲಾಗಿ ಒಂದೊಂದೇ ಒಯ್ದು ಓದಿಸಿ ಕೇಳುತ್ತಿದ್ದರು. ಮೊದಲು ಮಗಳಿಂದ, ಈಗ ಮೊಮ್ಮಗಳು ಗೀತಾಳಿಂದ. ಎಲ್ಲಿಯವರೆಗೆ ಕೇಳಿಯಾಯಿತು ಎಂಬುದಕ್ಕೆ ಆ ಚಿಂದಿಯೇ ಗುರುತು. ಅದು ಮೂರನೇ ಸಾಲಿಗೆ ಬಂದಿತ್ತು.

ಹೊಸ ಜೋಡಣೆಯ ನಂತರ ಬಂದ ಮುರಿಗೆವ್ವ, ಚಿಂದಿ ಕಾಣದಿದ್ದರೂ ಅಂದಾಜಿನಲ್ಲಿ ಕೈಹಾಕಿ ಒಂದು ಪುಸ್ತಕ ಒಯ್ದರು. ಮರುದಿನ ತಂದು ಮೇಜಿನ ಮೇಲಿಟ್ಟರು. "ಏನವಾ ಇದು? ಗೀತಾ ನಾಕ ಪುಟ ಓದಿದ್ಲು. ಬರೇ ನಟ್ಟು, ಬೋಲ್ಟು. ಕತಿ ಯಾವಾಗ ಚಾಲೂ ಆಗ್ತೈತಿ?"

ಟ್ರ್ಯಾಕ್ಟರ್ ರಿಪೇರಿಯ ಪುಸ್ತಕ! ಪೇಪರು ಓದುತ್ತಿದ್ದವರು ಗೊಳ್ಳೆಂದು ನಕ್ಕರು. ರಜಿಯಾರಿಗೂ ನಗು ತಡೆಯಲಾಗಲಿಲ್ಲ. ಸೆರಗು ಸರಿಮಾಡಿಕೊಂಡು ಹೊರಟ ಮುರಿಗೆವ್ವ ಮತ್ತೆ ಈ ಕಡೆ ತಲೆಹಾಕಲಿಲ್ಲ.

"ನಗಬಾರದಿತ್ರಿ," ಎನ್ನುವಾಗ ರಜಿಯಾರ ಮುಖ ಈಗಲೂ ಸಣ್ಣದಾಗುತ್ತದೆ. "ಓದಾಕ ಬಲ್ಲವ್ರನ್ನ ನೋಡಿ ನಕ್ರೂ ಅವ್ರು ನಾಳೆ ಬರ್ತಾರ. ಆಯಿ ಬರ್ತಿದ್ದದ್ದ ಧೈರ್ಯ ಮಾಡಿ. ಅಜ್ಜ ಹಿಡದಿಟ್ಟಿದ್ದ ಓದುಗ್ರನ್ನ ನಾ ಕಳಕೊಂಡ್ನಲ್ಲ ಅಂತ ನಿದ್ದಿನ ಹತ್ಲಿಲ್ಲ."

ಚಿಂದಿಯ ಗುಟ್ಟು ಗೀತಾಳಿಂದ ತಿಳಿದ ಮೇಲೆ ಪುಸ್ತಕಗಳು ಮತ್ತೆ ಹಳೆಯ ಜಾಗ ಸೇರಿದವು. ನಂಬರುಗಳು ಬೆನ್ನಿಗೇ ಉಳಿದವು. ತಪಾಸಣೆಗೆ ಬಂದವರು ಹುಬ್ಬೇರಿಸಿದಾಗ ರಜಿಯಾ, "ನಂಬರ ಆಫೀಸಿಗಿರ್ಲಿ ಸರ್, ಜಾಗ ಊರಿಗಿರ್ಲಿ" ಎಂದರಂತೆ. ಆದರೆ ಚಿಂದಿ ಇದ್ದದ್ದು ಯಾವ ಪುಸ್ತಕದ ಪಕ್ಕ? ಅದನ್ನು ಹೇಳಬಲ್ಲವರು ಒಬ್ಬರೇ.

ಮೂರನೇ ಸಾಲನ್ನೇ ಚೀಲಕ್ಕೆ ತುಂಬಿಕೊಂಡು ರಜಿಯಾ ಮುರಿಗೆವ್ವನ ಮನೆಯ ಕಟ್ಟೆಗೆ ಹೋಗಿ ಕೂತರು. ಮುರಿಗೆವ್ವ ಮುಖ ತಿರುಗಿಸಿಕೊಂಡೇ ಅಕ್ಕಿ ಆರಿಸುತ್ತಿದ್ದರು. ರಜಿಯಾ ಒಂದೊಂದರದೂ ಮೊದಲ ಪುಟ ಓದತೊಡಗಿದರು. "ಅದು ಆಗೈತಿ." ಇನ್ನೊಂದು. "ಅದೂ ಆಗೈತಿ, ಆಕಿ ಕಡೀಕ ಸಾಯ್ತಾಳ." ಮತ್ತೊಂದು. ಈ ಸಲ ಮೊರದ ಸದ್ದು ನಿಂತಿತು. ರಜಿಯಾ ಪಟ್ಟನೆ ಪುಸ್ತಕ ಮುಚ್ಚಿದರು.

"ಮುಚ್ಚಿದ್ಯಾಕ? ಮುಂದೇನಾತು?"

"ಮುಂದಿಂದು ಕೇಳಾಕ ನಾಳೆ ಅಲ್ಲೇ ಬರ್ರಿ, ಆಯಿ."

ಈಗ ಆ ಸಾಲಿನಲ್ಲಿರುವ ಗುರುತು ರಜಿಯಾರ ಹಳೆಯ ಓಢಣಿಯ ತುಂಡು. ಕಸ ಹೊಡೆಯುವಾಗ ಅದನ್ನು ಎತ್ತಿ, ಧೂಳು ಒರೆಸಿ, ಅಲ್ಲೇ ಇಡುತ್ತಾರೆ. "ನಂದೇನೂ ದೊಡ್ಡ ಆಸೆ ಇಲ್ರಿ. ಈ ಸಾಲು ಮುಗಿಯೂತನಾ ಆಯಿ ಬರಬೇಕು, ಅಷ್ಟ."

ನಳದ ಬಳಿ ಕೊಡವಿಟ್ಟು ಬಂದ ಮುರಿಗೆವ್ವ ಕಿಟಕಿಯಿಂದಲೇ ಇಣುಕುತ್ತಾರೆ: "ಯಾಕ, ಅದರ ಕೆಳಗ ಇನ್ನೊಂದು ಸಾಲು ಐತೆಲ್ಲ!"