ಪಂಪಾಚಾರ್ರು

ಹಣೆಯಲ್ಲಿ ಅಂಗಾರ-ಅಕ್ಷತೆ, ಮೊಣಕೈವರೆಗೆ ಕಪ್ಪು ಗ್ರೀಸು. ವಾಡಿಯ ನಮ್ಮ ಓಣಿಯ ಶ್ರೀಧರಾಚಾರ್ರು ದಿನವಿಡೀ ಹೀಗೇ ಇರುತ್ತಿದ್ದರು. ಅವರ ಅಪ್ಪ ಗುಡಿಯ ಅರ್ಚಕರು. ಮಗ ಗಾಡಿಗಳ ಡೀಸೆಲ್ ಪಂಪು ರಿಪೇರಿಗೆ ಇಳಿದರು. ಊರು ಅವರನ್ನು ಪಂಪಾಚಾರ್ರು ಎಂದೇ ಕರೆಯಿತು.

ತೊಂಬತ್ತರ ದಶಕದಲ್ಲಿ ದೂರದ ಚಿಂಚೋಳಿಯಿಂದಲೂ ಜೀಪುಗಳು ಅವರ ಶೆಡ್ಡಿಗೆ ಬರುತ್ತಿದ್ದವು. ಡೀಸೆಲ್ ನಳಿಕೆಯ ನಟ್ಟು ಸಡಿಲಿಸಿ, ಕೈಪಂಪು ಒತ್ತುತ್ತ, ಗುಳ್ಳೆಗಳು ಹೋಗುವ ತನಕ ಕಾಯುವರು. "ಗಾಳಿ ಹೊಕ್ಕಿತ್ತು ನೋಡ್ರಿ. ಈಗ ಸೆಲ್ಫ್ ಹೊಡೀರಿ" ಎನ್ನುವರು. ಅಳುವ ಕೂಸಿಗೂ, ಮುನಿದ ಹೆಂಡತಿ ಪದ್ಮಾಬಾಯಿಗೂ ಅವರದು ಒಂದೇ ಮಾತು: "ಗಾಳಿ ಹೊಕ್ಕದ."

ಎರಡು ಸಾವಿರದ ನಂತರ ಹೊಸ ಬಗೆಯ ಡೀಸೆಲ್ ಕಾರುಗಳು ಬಂದವು. ನಾನೂ ಒಂದು ಕೊಂಡೆ. ಆಚಾರ್ರು ಬಾನೆಟ್ ಎತ್ತಿ ಬಹಳ ಹೊತ್ತು ನೋಡಿದರು. ಷೋರೂಮಿನವರು ಹೇಳಿದ್ದನ್ನೇ ಹೇಳಿದೆ: ಡೀಸೆಲ್ ಒಂದು ಗಟ್ಟಿ ಕೊಳವೆಯಲ್ಲಿ ಭಾರೀ ಒತ್ತಡದಲ್ಲಿ ತುಂಬಿರುತ್ತದೆ, ಯಾವಾಗ ಎಷ್ಟು ಸಿಡಿಯಬೇಕೆಂಬುದನ್ನು ಕಂಪ್ಯೂಟರ್ ನಿರ್ಧರಿಸುತ್ತದೆ, ನಳಿಕೆ ಬಿಚ್ಚಿದರೆ ಕೈಯೇ ಸೀಳೀತು.

"ಮತ್ತ ನಾವು ಬರೇ ನೋಡೂದೇನ್ರಿ ಮಾಸ್ತರ?" ಎಂದು ನಕ್ಕರು.

ಒಂದು ಮಧ್ಯಾಹ್ನ ಪದ್ಮಾಬಾಯಿಗೆ ಎದೆನೋವು ಬಂತು. ನನ್ನ ಕಾರಿನಲ್ಲೇ ಗುಲ್ಬರ್ಗಾಕ್ಕೆ ಹೊರಟೆವು. ದಾರಿಯಲ್ಲಿನ ಶಹಾಬಾದ್ ಇನ್ನೂ ದೂರವಿರುವಾಗ ಸ್ಟೇರಿಂಗಿನ ಹಿಂದೆ ಕೆಂಪು ದೀಪ ಹತ್ತಿ ಇಂಜಿನ್ ನಿಂತಿತು. ಆಚಾರ್ರು ಇಳಿದು ಬಾನೆಟ್ಟಿನೊಳಗೆ ಬಾಗಿದರು. ವೈರು ಅಲುಗಿಸಿದರು, ಫಿಲ್ಟರ್ ಒತ್ತಿ ನೋಡಿದರು. ನಟ್ಟು ಬಿಚ್ಚುವ ಪಾನಾ ಹಿಡಿದ ಕೈ ನಳಿಕೆಯವರೆಗೆ ಹೋಗಿ ತಡೆಯಿತು.

"ಬಿಡ್ರಿ ಅದನ್ನ. ಇಲ್ಲಿ ಬಂದು ಕುಂದ್ರಿ," ಪದ್ಮಾಬಾಯಿ ಒಳಗಿನಿಂದ ಕರೆದರು.

"ತಡಿ, ನೋಡ್ಲಿಕತ್ತೀನಿ."

"ನನಗ ಅಂಜಿಕಿ ಬರ್ಲಿಕತ್ತದ."

ಆಚಾರ್ರು ಪಾನಾ ಕೆಳಗೆ ಹಾಕಿ, ಹೋಗಿ ಆಕೆಯ ಕೈ ಹಿಡಿದು ಕುಳಿತರು. ನಾನು ರಸ್ತೆಯ ನಡುವೆ ನಿಂತು ಕೈ ಬೀಸುತ್ತಲೇ ಇದ್ದೆ. ಕಡೆಗೆ ನೆಲಕ್ಕೆ ಹಾಸುವ ಫರಸಿಕಲ್ಲು ತುಂಬಿದ ಲಾರಿಯೊಂದು ನಿಂತು ನಮ್ಮನ್ನು ಹತ್ತಿಸಿಕೊಂಡಿತು. ಶಹಾಬಾದಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಪದ್ಮಾಬಾಯಿ ಹೋಗಿಬಿಟ್ಟಿದ್ದರು.

ಷೋರೂಮಿನವರು ಕಾರಿಗೆ ಕಂಪ್ಯೂಟರ್ ಜೋಡಿಸಿ, ಬೆರಳಿನಷ್ಟೇ ದೊಡ್ಡ ಸೆನ್ಸರ್ ಒಂದನ್ನು ಬದಲಿಸಿ ಕಳಿಸಿದರು. ಕರ್ಮಗಳೆಲ್ಲ ಮುಗಿದ ಮೇಲೆ ಆಚಾರ್ರು ನನ್ನ ಮನೆಗೆ ಬಂದರು.

"ಏನಾಗಿತ್ರಿ ಅದಕ್ಕ?"

ಹೇಳಿದೆ.

"ನನ್ನ ಕೈಲೆ ಆಗ್ತಿತ್ತೇನು?"

"ರೋಡಿನಾಗ ಯಾರ ಕೈಲೂ ಆಗ್ತಿದ್ದಿಲ್ರಿ."

"ಒಮ್ಮೆ ಚಾಲೂ ಮಾಡ್ರಿ, ಕೇಳ್ತೀನಿ."

ಕೀಲಿ ತಿರುಗಿಸಿದೆ. ಇಂಜಿನ್ ಒಂದಿಷ್ಟೂ ತಡವರಿಸದೆ ಎದ್ದಿತು. ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನಿಂತರು. ಗ್ರೀಸಿಲ್ಲದ ಅವರ ಕೈಯನ್ನು ನಾನು ನೋಡಿದ್ದು ಅಂದೇ.

"ಭಾಳ ಚಲೋ ಇಂಜಿನ್ ಅದ್ರಿ, ಮಾಸ್ತರ" ಎಂದರು.

ನಾನು ಅದನ್ನು ಬಂದ್ ಮಾಡಿ ಇಳಿಯುವಷ್ಟರಲ್ಲಿ ಅವರು ಓಣಿಯ ತಿರುವು ದಾಟಿದ್ದರು. ಆ ವಾರವೇ ಸೇಡಂನಲ್ಲಿದ್ದ ಅವರ ಮಗಳು ಬಂದು ಅವರನ್ನು ತನ್ನ ಮನೆಗೆ ಕರೆದೊಯ್ದಳು. ವಾಡಿಗೆ ಅವರು ಮತ್ತೆ ಬರಲಿಲ್ಲ.